ಮೂಕಾಂಬಿಕೆಯ ವೋಟು

ಗಾಯತ್ರಿ ಜಪಕ್ಕೆ ಕುಳಿತ ಪರಮೇಶ್ವರ ಭಟ್ಟರ ಹೆಬ್ಬೆರಳು ಉಂಗುರದ ಬೆರಳಿನ ನಡುಗೆಣ್ಣನ್ನು ಬಿಟ್ಟು ಮುಂದೆ ಹೋಗಲೊಲ್ಲದು. ಮುಚ್ಚಿದ ಕಣ್ಣೊಳಗೆ ಸೂರ್ಯಮಂಡಲ ಮೂಡಬೇಕಾದಲ್ಲಿ ನೊಗ ಹೊತ್ತ ಎರಡು ಎತ್ತುಗಳು ಬಂದು ನಿಂತಿದ್ದವು. ಅವನ್ನು ಅಟ್ಟಿದರೆ ಹುಲ್ಲುಮಾಡಿನ ಗುಡಿಸಲು. ಅದನ್ನೂ ಒರೆಸಿ ಹಾಕಿದರೆ ಐದು ಮೂಲೆಯ ನಕ್ಷತ್ರ. ಮೂರು ತಿಂಗಳಿಂದ ಜೀಪುಗಳ ಮೇಲೆ, ಗೋಡೆಗಳ ಮೇಲೆ, ಪುತ್ತೂರು ಪೇಟೆಯ ಅಂಗಡಿಗಳ ಹಲಗೆಯ ಮೇಲೆ ನೋಡಿ ನೋಡಿ ಕಣ್ಣಿಗೆ ಅಂಟಿಹೋದ ಚಿತ್ರಗಳು. ಎತ್ತು ಕಾಂಗ್ರೆಸ್ಸಿನದು, ಗುಡಿಸಲು ಪ್ರಜಾ ಸೋಷಲಿಸ್ಟರದು, ನಕ್ಷತ್ರ ಹೊಸದಾಗಿ ಬಂದ ಸ್ವತಂತ್ರ ಪಕ್ಷದ್ದು. ಈ ದಿನ ನರಿಮೊಗರು ಶಾಲೆಯಲ್ಲಿ ವೋಟು. ಭಟ್ಟರಿಗೆ ಇದು ಮೂರನೆಯ ಚುನಾವಣೆ. ಮೊದಲ ಎರಡರಲ್ಲಿಯೂ ಅವರು ಎತ್ತಿಗೆ ಹಾಕಿದವರು. ಹಾಕಿದ್ದನ್ನು ಕೇಳಿದವರಿಗೆಲ್ಲ ಹೇಳಿದವರು. ಖಾದಿ ಉಡುವ ಮನುಷ್ಯ ಬೇರೆ ಯಾವುದಕ್ಕೆ ಹಾಕಿಯಾನು ಎಂದು ಊರೂ ನಂಬಿತ್ತು. ತನ್ನ ವೋಟಿನ ಬಗ್ಗೆ ಅವರಿಗೆ ಅಷ್ಟೇನೂ ಚಿಂತೆ ಇರಲಿಲ್ಲ. ಜಪ ಕೆಡಿಸುತ್ತಿದ್ದದ್ದು ಹೆಂಡತಿಯ ವೋಟು. ಮೂಕಾಂಬಿಕೆ ಸತ್ತು ಆರು ಮಾಸಿಕಗಳು ಕಳೆದಿದ್ದವು.

"ಭಾವಾ, ಕಾಪಿ ತಣ್ಣಗಾಗ್ತಾ ಉಂಟು," ಎಂದು ದಮಯಂತಿ ಅಡುಗೆಮನೆಯಿಂದ ಕೂಗಿದಳು. "ದೇವರು ಎಲ್ಲಿಗೂ ಓಡುದಿಲ್ಲ, ಕಾಯ್ತಾನೆ. ಕಾಪಿ ಹಾಗಲ್ಲ."

ದಮಯಂತಿ ಮೂಕಾಂಬಿಕೆಯ ತಂಗಿ. ಉಪ್ಪಿನಂಗಡಿಗೆ ಕೊಟ್ಟ ಹೆಣ್ಣು. ಮಾಸಿಕಕ್ಕೆ ಅಡುಗೆ ಮಾಡಲೆಂದು ಪ್ರತಿ ತಿಂಗಳೂ ಬಂದು ನಾಲ್ಕು ದಿನ ಇದ್ದು ಹೋಗುವವಳು. ಅಕ್ಕನ ಹಾಗೆಯೇ ಕುಳ್ಳಿ. ಆದರೆ ಅಕ್ಕ ಒಂದು ವಾರದಲ್ಲಿ ಆಡುವಷ್ಟು ಮಾತನ್ನು ಇವಳು ಒಂದು ಒಗ್ಗರಣೆಯ ಹೊತ್ತಿನಲ್ಲಿ ಆಡಿ ಮುಗಿಸುವಳು. ಭಟ್ಟರು ಅರ್ಘ್ಯದ ನೀರನ್ನು ತುಳಸಿಯ ಬುಡಕ್ಕೆ ಚೆಲ್ಲಿ ಒಳಗೆ ಬಂದು ಮಣೆಯ ಮೇಲೆ ಕುಳಿತರು. ಕಾಫಿಯ ಲೋಟವನ್ನು ಎದುರಿಗಿಟ್ಟು ದಮಯಂತಿ ಅಲ್ಲಿಯೇ ನಿಂತಳು.

"ಆಲೋಚನೆ ಆಯಿತಾ?"

"ಎಂತದ್ದು?"

"ಎಂತದ್ದು ಅಂತ ಕೇಳ್ತಾರೆ! ಅಕ್ಕ ಯಾವುದಕ್ಕೆ ಹಾಕ್ತಿದ್ದಳು ಅಂತ. ನಾನು ಹೋಗಿ ಅಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುದಾ?"

ಭಟ್ಟರು ಕಾಫಿ ಕುಡಿದರು. ಹಿಂದಿನ ದಿನ ಪಕ್ಷದ ಹುಡುಗರು ಬಂದು ಎರಡು ಚೀಟಿ ಕೊಟ್ಟು ಹೋಗಿದ್ದರು, ಒಂದರಲ್ಲಿ ಅವರ ಹೆಸರು, ಇನ್ನೊಂದರಲ್ಲಿ ಅವಳದು. ಪಟ್ಟಿ ಮಾಡಿದಾಗ ಅವಳು ಇದ್ದಳು. ಸತ್ತದ್ದನ್ನು ಸರಕಾರಕ್ಕೆ ಯಾರೂ ಹೇಳಿರಲಿಲ್ಲ. ಚೀಟಿಯನ್ನು ಹಿಂದಕ್ಕೆ ಕೊಡಬೇಕೆಂದು ಭಟ್ಟರು ಕೈಯೆತ್ತಿದ್ದರು. ಅಷ್ಟರಲ್ಲಿ ದಮಯಂತಿ ಅದನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡುಬಿಟ್ಟಳು. ಆ ಮೇಲೆ ಕುಳಿತು ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಹೇಳಿದಳು: ಅಕ್ಕನದ್ದು ತಾನು ಹಾಕುತ್ತೇನೆ. ತನ್ನ ವೋಟು ಉಪ್ಪಿನಂಗಡಿಯಲ್ಲಿ ಇದೆ, ಅದು ಬಿದ್ದರೆಷ್ಟು ಬಿಟ್ಟರೆಷ್ಟು. ಮಳೆಗಾಲದ ಆಟಿ ತಿಂಗಳಲ್ಲಿ ಅಕ್ಕ ಹಾಸಿಗೆ ಹಿಡಿದಾಗ ನೇತ್ರಾವತಿ ಕುಮಾರಧಾರಾ ಎರಡೂ ಉಕ್ಕಿ ರಸ್ತೆ ಮುಳುಗಿ ತಾನು ಈಚೆಗೆ ಬರಲಿಕ್ಕಾಗಲಿಲ್ಲ. ಅಕ್ಕನ ಬಾಯಿಗೆ ಒಂದು ಹನಿ ನೀರು ಬಿಡುವ ಭಾಗ್ಯ ತನಗೆ ಇಲ್ಲದೆ ಹೋಯಿತು. ಇದಾದರೂ ಮಾಡುತ್ತೇನೆ.

"ಹಾಗೆ ಮಾಡ್ಲಿಕ್ಕೆ ಬರುದಿಲ್ಲ ದಮಯಂತಿ," ಎಂದಿದ್ದರು ಭಟ್ಟರು.

"ಯಾಕೆ ಬರುದಿಲ್ಲ? ಮಾಸಿಕದ ದಿನ ಅಕ್ಕನಿಗೆ ಪ್ರೀತಿ ಅಂತ ಹಲಸಿನ ಹಪ್ಪಳ ಕಾಯಿಸಿ ಬಡಿಸಿದ್ದಲ್ಲವಾ? ತಿಂದದ್ದು ಯಾರು? ಬ್ರಾಹ್ಮಣರು. ಮುಟ್ಟಿದ್ದು ಯಾರಿಗೆ? ಅಕ್ಕನಿಗೆ. ಅವಳ ಸ್ಥಾನದಲ್ಲಿ ಒಬ್ಬರು ಕೂತು ಉಣ್ಣಬಹುದು, ನಿಂತು ವೋಟು ಹಾಕಬಾರದಾ? ನೀವೇ ಹೇಳಿ, ನಿಮಗೆ ಶಾಸ್ತ್ರ ಗೊತ್ತುಂಟು."

ಭಟ್ಟರಿಗೆ ಶಾಸ್ತ್ರ ಗೊತ್ತಿತ್ತು. ಆದರೆ ಇದಕ್ಕೆ ಎದುರಾಗಿ ಹೇಳಬಹುದಾದ ಒಂದು ವಾಕ್ಯವೂ ಅವರಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ನಿಜ ಹೇಳಬೇಕೆಂದರೆ ಅವರು ಅಷ್ಟಾಗಿ ಹುಡುಕಲೂ ಇಲ್ಲ. ಶಾಲೆಯ ಜಗಲಿಯಲ್ಲಿ ಯಾರೋ ಅವಳ ಹೆಸರನ್ನು ಓದುತ್ತಾರೆ, ಒಂದು ಹೆಣ್ಣುಸ್ವರ ಹೂಂಗುಟ್ಟುತ್ತದೆ ಎಂದು ನೆನೆದಾಗ ಎದೆಯೊಳಗೆ ಏನೋ ಒಂದು ಬೆಚ್ಚಗಾಗಿತ್ತು. ಅದು ತಪ್ಪೆಂದು ಗೊತ್ತಿತ್ತು. ಗೊತ್ತಿದ್ದೂ ಆ ಬೆಚ್ಚನೆಯನ್ನು ರಾತ್ರಿಯಿಡೀ ಮಗ್ಗುಲಲ್ಲಿ ಇಟ್ಟುಕೊಂಡು ಮಲಗಿದ್ದರು.

ಹಾಗಾದರೆ ಅವಳು ಯಾವುದಕ್ಕೆ ಹಾಕುತ್ತಿದ್ದಳು? ಹತ್ತು ವರ್ಷ ಕೇಳಿದರೂ ಅವಳು ಹೇಳಿರಲಿಲ್ಲ. ಮೊದಲ ಚುನಾವಣೆಯಲ್ಲಿ ಚಿಹ್ನೆಗೊಂದು ಪೆಟ್ಟಿಗೆ ಇಟ್ಟಿದ್ದರು. ಪರದೆಯ ಹಿಂದೆ ಹೋಗಿ ತಮಗೆ ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಹಾಕುವುದು. ಅವಳು ಹೆಂಗಸರ ಸಾಲಿನಲ್ಲಿ ಪರದೆಯ ಹತ್ತಿರ ಹೋದಾಗ ಭಟ್ಟರು ಗಂಡಸರ ಸಾಲಿನಿಂದ ಕತ್ತು ಚಾಚಿ, "ಎತ್ತು, ಎತ್ತು ನೋಡು, ಹೆದರಬೇಡ, ಎತ್ತಿನ ಪೆಟ್ಟಿಗೆ," ಎಂದು ಅ ಆ ಕಲಿಸುವವರ ಹಾಗೆ ಹೇಳಿದ್ದರು. ಜನ ನಕ್ಕರು. ಮಂಗಳೂರಿನಿಂದ ಬಂದಿದ್ದ ಆಫೀಸರ ಎದ್ದು ನಿಂತು, "ಹಾಗೆಲ್ಲ ಹೇಳಿಕೊಡುವಂತಿಲ್ಲ ರಾಯರೆ. ಅವರವರ ಮತ ಅವರವರದ್ದು. ಗುಟ್ಟು. ಗಂಡನಿಗೂ ಹೇಳಬೇಕಾಗಿಲ್ಲ," ಎಂದುಬಿಟ್ಟ. ಸಾಲಿನಲ್ಲಿ ನಿಂತ ಒಕ್ಕಲುಗಳ ಎದುರಿಗೆ ಭಟ್ಟರ ಮುಖ ಸುಣ್ಣವಾಯಿತು. ಮೂಕಾಂಬಿಕೆ ಮಾತ್ರ ಆಫೀಸರನನ್ನೇ ನೋಡುತ್ತಾ ಒಂದು ಗಳಿಗೆ ನಿಂತಳು. ಗುರುಗಳು ಕಿವಿಯಲ್ಲಿ ಉಪದೇಶ ಮಾಡಿದಾಗ ನಿಲ್ಲುವ ಹಾಗೆ. ಮನೆಗೆ ಬರುವ ದಾರಿಯಲ್ಲಿ ಭಟ್ಟರು, "ಎತ್ತಿಗೇ ಹಾಕಿದ್ದಲ್ಲವಾ?" ಎಂದು ಕೇಳಿದ್ದಕ್ಕೆ, "ಹೇಳ್ಲಿಕ್ಕುಂಟಾ? ಗುಟ್ಟು ಅಂತ ಆಫೀಸರು ಹೇಳಿದ್ದು ನಿಮಗೆ ಕೇಳಲಿಲ್ಲವಾ?" ಎಂದಳು. ತಮಾಷೆಗೆ ಹೇಳಿದ್ದಲ್ಲ. ಮಂತ್ರವನ್ನು ಹೊರಗೆ ಆಡಿದರೆ ಅದರ ಶಕ್ತಿ ಹೋಗುತ್ತದೆಂದು ನಂಬಿದವಳು ಅವಳು. ವೋಟನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟಿದ್ದಳು. ಆ ಮೇಲೆ ಅದು ಅವರಿಬ್ಬರೊಳಗೆ ಒಂದು ಆಟವಾಯಿತು. ಊಟಕ್ಕೆ ಕುಳಿತಾಗ, ಎಲೆ ಅಡಿಕೆ ಹಾಕಿಕೊಳ್ಳುವಾಗ, ಎಲ್ಲಿಯೋ ಮದುವೆಗೆ ಹೋಗಿ ಬಸ್ಸಿಗೆ ಕಾಯುವಾಗ ಭಟ್ಟರು ಥಟ್ಟನೆ, "ಯಾವುದಕ್ಕೆ ಹಾಕಿದ್ದು?" ಎಂದು ಕೇಳುವರು. ಅವಳು ನಗುವಳು, ಅಷ್ಟೆ.

ಕೊನೆಯ ಸಲ ಕೇಳಿದ್ದು ಆಟಿಯಲ್ಲಿ. ಜ್ವರ ಏರಿ ಅವಳ ತುಟಿ ಒಡೆದಿತ್ತು. ಅವಳನ್ನು ನಗಿಸಬೇಕೆಂದು ಭಟ್ಟರು ಬಗ್ಗಿ, "ಈಗಲಾದರೂ ಹೇಳು ಮಾರಾಯ್ತಿ, ಯಾವುದಕ್ಕೆ ಹಾಕಿದ್ದು?" ಎಂದರು. ಅವಳು ತುಟಿ ಓರೆ ಮಾಡಿ ನಕ್ಕು ಕಣ್ಣು ಮುಚ್ಚಿದಳು. ಮತ್ತೆ ಬಿಚ್ಚಿದಾಗ ಗುರುತು ಸಿಗುತ್ತಿರಲಿಲ್ಲ. ಎಲ್ಲಿ ನೋಯುತ್ತದೆ ಎಂದು ಕೇಳಬಹುದಿತ್ತು. ಏನಾದರೂ ಆಸೆ ಉಂಟಾ ಎಂದು ಕೇಳಬಹುದಿತ್ತು. ರಾಮ ರಾಮ ಎನ್ನು ಎಂದು ಹೇಳಬಹುದಿತ್ತು. ನಲವತ್ತು ವರ್ಷ ಜೊತೆಗಿದ್ದವಳ ಹತ್ತಿರ ತಾನು ಕೊನೆಗೆ ಕೇಳಿದ್ದು ವೋಟಿನ ಮಾತು! ಇದನ್ನು ಭಟ್ಟರು ಯಾರಿಗೂ ಹೇಳಿರಲಿಲ್ಲ. ದೇವರಿಗೆ ಮಾತ್ರ, ಅದೂ ತುಟಿ ಅಲುಗಿಸದೆ, ಹೇಳಿಕೊಂಡಿದ್ದರು.

"ನಕ್ಷತ್ರ ಇರಬಹುದಾ?" ಎಂದಳು ದಮಯಂತಿ. "ಅಕ್ಕನಿಗೆ ನಕ್ಷತ್ರ, ತಿಥಿ ಎಲ್ಲ ಬಾಯಿಪಾಠ."

ನಕ್ಷತ್ರವೆಂದರೆ ಭಟ್ಟರಿಗೆ ಒಳಗೊಳಗೇ ಆಸೆ, ಆ ಆಸೆಯ ಬಗ್ಗೆ ನಾಚಿಕೆ. ಗೇಣಿಯ ಗದ್ದೆ ಉಳುವವನಿಗೆ ಹೋಗುತ್ತದಂತೆ, ಕಾನೂನು ಬಂದಿದೆಯಂತೆ ಎಂದು ಪೇಟೆಯಲ್ಲಿ ಮಾತು. ಕಾನೂನು ಮಾಡಿದ್ದು ಎತ್ತಿನವರು, ಬೇಡವೆನ್ನುವವರು ನಕ್ಷತ್ರದವರು. ಭಟ್ಟರ ಎರಡು ಗದ್ದೆಗಳು ಗುರುವಪ್ಪನ ಗೇಣಿಯಲ್ಲಿದ್ದವು. ಖಾದಿ ಉಟ್ಟುಕೊಂಡೇ ನಕ್ಷತ್ರಕ್ಕೆ ಹಾಕಿದರೆ ಯಾರಿಗೆ ತಿಳಿಯುತ್ತದೆ ಎಂಬ ಯೋಚನೆ ಒಂದು ಸಂಜೆ ಹಲ್ಲಿಯ ಹಾಗೆ ಗೋಡೆಯ ಮೇಲೆ ಹರಿದು ಹೋಗಿತ್ತು. ಆದರೆ ಅವಳು? ಗುರುವಪ್ಪ ಗೇಣಿಯ ಅಕ್ಕಿ ತಂದು ಹಾಕಿದ ದಿನ ಅವನ ಹೆಂಡತಿ ಕಮಲಾವತಿಯನ್ನು ಹಿಂಬಾಗಿಲಿಗೆ ಕರೆದು ಅದರಿಂದಲೇ ಒಂದಿಷ್ಟು ಅಳೆದು ಸೆರಗಿಗೆ ಸುರಿಯುತ್ತಿದ್ದವಳು ಅವಳು. ಭಟ್ಟರು ಕಂಡೂ ಕಾಣದ ಹಾಗೆ ಜಗಲಿಯಲ್ಲಿ ಪಂಚಾಂಗ ತಿರುವುತ್ತಿದ್ದರು. ಹಾಗಾದರೆ ಅದು ಗುಡಿಸಲಿನ ಬುದ್ಧಿ. ಆದರೆ ಎತ್ತುಗಳ ಚಿತ್ರ ಗೋಡೆಗೆ ಬಂದ ಹೊಸತರಲ್ಲಿ ಅವಳು, "ಇದು ನಾವಿಬ್ಬರೇ ಅಲ್ಲವಾ? ಒಂದು ಕೆರೆಗೆ ಎಳೀತದೆ, ಒಂದು ಹಟ್ಟಿಗೆ ಎಳೀತದೆ, ನೊಗ ಮಾತ್ರ ಒಂದೇ," ಎಂದು ನಕ್ಕಿದ್ದಳಲ್ಲ?

"ಎತ್ತು," ಎಂದರು ಭಟ್ಟರು. ಹೇಳಿದ ಕೂಡಲೇ ಲೋಟದ ತಳದ ಕಾಫಿ ಕಹಿಯಾಯಿತು. "ಎತ್ತಿಗೇ ಹಾಕ್ತಿದ್ದಳು. ನೀನು ಎತ್ತಿಗೆ ಹಾಕು."

"ಖಂಡಿತವಾ?"

"ಖಂಡಿತ."

"ಸರಿ. ನೀವು ಮುಂದೆ ಹೋಗಿ. ನಾನು ಕರುವಿಗೆ ಹುಲ್ಲು ಹಾಕಿ ಅಕ್ಕನ ಕೆಂಪು ಸೀರೆ ಉಟ್ಟು ಹಿಂದಿನಿಂದ ಬರ್ತೇನೆ. ಜೊತೆಗೆ ಹೋದ್ರೆ ಯಾರಾದ್ರೂ ಮಾತಾಡಿಸ್ತಾರೆ, ನನ್ನ ಬಾಯಿ ನಿಲ್ಲುದಿಲ್ಲ."

ಗುಡ್ಡದ ಮುಳಿಹುಲ್ಲು ಕೊಯ್ದು ಮುಗಿದಿತ್ತು. ಗೇರುಮರಗಳು ಹೂ ಬಿಟ್ಟು ಗಾಳಿಯೇ ಸಿಹಿಯಾಗಿತ್ತು. ಛತ್ರಿಯನ್ನು ಬಿಸಿಲಿಗೆ ಬಿಚ್ಚದೆ ಊರುಗೋಲು ಮಾಡಿಕೊಂಡು ಭಟ್ಟರು ಇಳಿದರು. ನೀರಿನ ತೋಡು ದಾಟುವ ಪಾಲದ ಹತ್ತಿರ ಗುರುವಪ್ಪ ಒಗೆದ ಅಂಗಿ ಹಾಕಿ, ಕಿವಿಗೆ ಬೀಡಿ ಸಿಕ್ಕಿಸಿ ಕುಳಿತಿದ್ದ. ಭಟ್ಟರನ್ನು ಕಂಡು ಎದ್ದ. ಜಾಲ್ಸೂರಿನ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವನು. ಮನೆಯಲ್ಲಿ ಅರೆಭಾಷೆ, ಇವರ ಹತ್ತಿರ ಕನ್ನಡ.

"ನಿಮ್ಮ ಹತ್ರ ಮುಚ್ಚಿಡುದೆಂತದು ಭಟ್ರೆ, ನಾನು ಗುಡಿಸಲಿಗೆ," ಎಂದ, ಜೊತೆಗೆ ನಡೆಯುತ್ತಾ. "ನೀವು ಬೇಜಾರು ಮಾಡ್ಲಿಕ್ಕಿಲ್ಲ."

"ನಿನ್ನ ವೋಟು ನಿನ್ನದು ಮಾರಾಯ."

"ಹಾಗೆ ಹೇಳುವ ಧಣಿಗಳು ಕಮ್ಮಿ." ಗುರುವಪ್ಪ ಕಿವಿಯ ಬೀಡಿಯನ್ನು ಸರಿಮಾಡಿಕೊಂಡ. "ಹೋದ ಸಲ ಅಮ್ಮ, ನಮ್ಮ ಕಮಲಾವತಿ ಒಟ್ಟಿಗೇ ಸಾಲಿನಲ್ಲಿ ನಿಂತದ್ದು. ಅಮ್ಮ ಯಾವುದಕ್ಕೆ ಹಾಕಿದ್ದು ಅಂತ ಇವಳು ಕೇಳಿದಳಂತೆ."

ಭಟ್ಟರ ಛತ್ರಿ ನೆಲದಲ್ಲಿ ನಿಂತಿತು. "ಏನು ಹೇಳಿದಳು?"

"ಎಂತ ಹೇಳುದು? ಹೇಳ್ಲಿಕ್ಕುಂಟಾ ಅಂದರಂತೆ. ನಿಮ್ಮ ಹತ್ರವಾದ್ರೂ ಹೇಳಿರಬೇಕಲ್ಲ?"

"ನನ್ನ ಹತ್ರವಾ?" ಎಂದರು ಭಟ್ಟರು. "ಹೂಂ. ಹೇಳಿದ್ದಾಳೆ, ಹೇಳಿದ್ದಾಳೆ." ಬೆಳಗಿನಿಂದ ಇದು ಎರಡನೆಯ ಸುಳ್ಳು. ಸೊಸೈಟಿಯ ಮೂಲೆ ತಿರುಗುವಾಗ ಮೂರನೆಯದೂ ಬಂತು. ಬಳೆಯ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಬಳೆಗಾರ ಅಲಿ ಕುಂಞಿ ಬೀಡಿ ಸೇದುತ್ತಿದ್ದ. ಮಳೆಗಾಲಕ್ಕೆ ಮುಂಚೆ ಊರು ಬಿಟ್ಟರೆ ಸುಳ್ಯ, ಕಡಬ ಎಂದೆಲ್ಲ ಸುತ್ತಿ ಹಬ್ಬ ಜಾತ್ರೆ ಮುಗಿಸಿ ಈಚೆಗೆ ಬರುವವನು. ವೋಟು ಇದೆಯೆಂದು ಹಿಂದಿನ ದಿನವಷ್ಟೇ ಬಂದಿದ್ದನಂತೆ. ಭಟ್ಟರನ್ನು ಕಂಡು ಬೀಡಿ ಎಸೆದು ಎದ್ದು ನಿಂತ.

"ಭಟ್ರೆ, ಅಮ್ಮ ಬರಲಿಲ್ಲವಾ ವೋಟಿಗೆ? ಹೋದ ವರ್ಷ ಹಸಿರು ಗಾಜಿನ ಬಳೆ ಹೇಳಿದ್ದರು. ಸಣ್ಣ ಕೈಯಲ್ಲವಾ, ಆ ಅಳತೆ ಸಿಗುದೇ ಇಲ್ಲ. ಈ ಸಲ ಸಿಕ್ಕಿತು, ತಂದಿದ್ದೇನೆ."

ಗುರುವಪ್ಪ ಭಟ್ಟರ ಮುಖ ನೋಡಿದ. ಹೇಳಬೇಕಾದದ್ದು ಒಂದೇ ಮಾತು. ಈ ಆರು ತಿಂಗಳಲ್ಲಿ ಆ ಮಾತನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ಬಂದವರಿಗೆಲ್ಲ ಮೊದಲೇ ತಿಳಿದಿರುತ್ತಿತ್ತು. ತಿಳಿಯದವರು ಸಿಕ್ಕಿದರೆ ಜೊತೆಯಲ್ಲಿದ್ದವರು ಯಾರಾದರೂ ಹೇಳುತ್ತಿದ್ದರು. ಪಿಂಡ ಇಡುವಾಗ ಸಂಸ್ಕೃತದಲ್ಲಿ ಹೇಳಿದ್ದರು. ಸಂಸ್ಕೃತದಲ್ಲಿ ಯಾವ ಮಾತೂ ಅಷ್ಟು ನೋಯುವುದಿಲ್ಲ.

"ಬರ್ತಾಳೆ," ಎಂದರು. "ಹಿಂದಿನಿಂದ ಬರ್ತಾಳೆ."

ಗುರುವಪ್ಪ ನೆಲ ನೋಡಿದ. ಭಟ್ಟರು ಬೇಗ ಬೇಗ ಮುಂದೆ ನಡೆದರು. ಬೆನ್ನಿಗೆ ಬಿಸಿಲು ತಾಗುತ್ತಿತ್ತು.

ಶಾಲೆಯಲ್ಲಿ ಬೆಂಚುಗಳನ್ನು ಹೊರಗೆ ಹಾಕಿದ್ದರು. ಕಪ್ಪು ಹಲಗೆಯ ಮೇಲೆ ಯಾವುದೋ ತರಗತಿಯ ಭಾಗಾಕಾರ ಅರ್ಧಕ್ಕೆ ನಿಂತಿತ್ತು. ಒಂದು ಬದಿಗೆ ಗಂಡಸರು, ಒಂದು ಬದಿಗೆ ಹೆಂಗಸರು. ಎರಡು ಸಾಲುಗಳೂ ಒಂದೇ ಮೇಜಿನ ಹತ್ತಿರ ಬಂದು ಕೂಡುತ್ತಿದ್ದವು. ಕನ್ನಡಕದ ಎಳೆಯ ಆಫೀಸರ ಪಟ್ಟಿ ಹಿಡಿದು ಹೆಸರು ಕೇಳುತ್ತಿದ್ದ. ಗೋಡೆಯ ಬದಿಗೆ ಮೂರು ಪಕ್ಷದ ಏಜೆಂಟರು ಒಂದೇ ಬೆಂಚಿನಲ್ಲಿ ಕುಳಿತು ಒಬ್ಬರ ಡಬ್ಬಿಯ ಎಲೆಅಡಿಕೆಯನ್ನು ಒಬ್ಬರು ತಿನ್ನುತ್ತಿದ್ದರು. ಈ ಸಲ ಬೇರೆ ಬೇರೆ ಪೆಟ್ಟಿಗೆ ಇಲ್ಲವಂತೆ. ದಿಲ್ಲಿಗೊಂದು, ಬೆಂಗಳೂರಿಗೊಂದು ಎಂದು ಎರಡು ಕಾಗದ ಕೊಡುತ್ತಾರಂತೆ. ಚಿತ್ರದ ಎದುರು ಮುದ್ರೆ ಒತ್ತಿ ಮಡಚಿ ಹಾಕುವುದಂತೆ. ಗುರುವಪ್ಪ ಮುಂದೆ ಹೋಗಿ ನಿಂತ. ನಡುವೆ ಬೇರೆ ಕೆಲವರು ಬಂದು ಸೇರಿದರು. ಭಟ್ಟರ ಹಿಂದೆ ಅಲಿ ಕುಂಞಿ ಬಳೆಯ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿಕೊಂಡು ನಿಂತ. ಸಾಲು ಮೆಲ್ಲಗೆ ಜರಗಿತು. ಗಾಂಧಿ ಟೊಪ್ಪಿಯ ಏಜೆಂಟ ಭಟ್ಟರನ್ನು ಕಂಡು ಕೈಮುಗಿದ. ಭಟ್ಟರೂ ಮುಗಿದರು. ಆ ಕೈಮುಗಿತದಲ್ಲಿ ತನ್ನ ವೋಟನ್ನು ಅವನು ಎಣಿಸಿಯೇ ಬಿಟ್ಟನೆಂದು ಯಾಕೋ ಕಸಿವಿಸಿಯಾಯಿತು.

ಕೆಂಪು ಸೀರೆ ಅಂಗಳ ದಾಟಿ ಬಂದದ್ದನ್ನು ಅವರು ಮೊದಲು ಕಣ್ಣಿನ ಮೂಲೆಯಿಂದ ಕಂಡರು. ಕಣ್ಣಿನ ಮೂಲೆಗೆ ಅದು ದಮಯಂತಿ ಎಂದು ತಿಳಿಯಲಿಲ್ಲ. ಹೋದ ಸಲವೂ ಮೂಕಾಂಬಿಕೆ ಇದೇ ಸೀರೆಯಲ್ಲಿ ಇದೇ ಅಂಗಳವನ್ನು ಹೀಗೆಯೇ ದಾಟಿ ಬಂದಿದ್ದಳು. ಭಟ್ಟರು ಸಾಲಿನಿಂದ ಅರ್ಧ ಹೆಜ್ಜೆ ಹೊರಗಿಟ್ಟರು. ಹೆಂಗಸರ ಸಾಲು ಸಣ್ಣದಿತ್ತು. ದಮಯಂತಿ ಮೇಜಿನ ಹತ್ತಿರ ತಲುಪಿದಾಗ ಗಂಡಸರ ಸಾಲಿನಲ್ಲಿ ಭಟ್ಟರ ಮುಂದೆ ಒಬ್ಬನೇ ಉಳಿದಿದ್ದ.

"ಹೆಸರು?"

"ಮೂಕಾಂಬಿಕಾ."

ಅವಳ ಸ್ವರವೂ ಅಕ್ಕನದ್ದೇ. ಮಾತು ಕಡಿಮೆ ಆಡಿದರೆ ಇಬ್ಬರದೂ ಒಂದೇ ಸ್ವರವೆಂದು ಭಟ್ಟರಿಗೆ ಈವರೆಗೆ ತಿಳಿದಿರಲಿಲ್ಲ.

"ಗಂಡನ ಹೆಸರು?"

ದಮಯಂತಿಯ ಬಾಯಿ ಕಟ್ಟಿತು. ಆಫೀಸರ ಅದನ್ನು ಕಂಡು ನಕ್ಕ. "ಹೇಳುದಿಲ್ಲವಾ? ಸರಿ ಸರಿ, ಯಾರೂ ಹೇಳುದಿಲ್ಲ. ಇಲ್ಲಿ ಉಂಟು. ಪರಮೇಶ್ವರ ಭಟ್ಟರು ಅಲ್ಲವಾ? ಎಡಗೈ ಕೊಡಿ ಅಮ್ಮ, ಶಾಯಿ ಹಚ್ಚಬೇಕು."

ಅವಳು ಕೈ ಚಾಚಿದಳು. ಅದೇ ಮೋಟು ಬೆರಳುಗಳು, ಒಳಕ್ಕೆ ಬಾಗಿದ ಅದೇ ಕಿರುಬೆರಳು. ಧಾರೆಯ ದಿನ ತನ್ನ ಕೈಯಲ್ಲಿ ಇಟ್ಟ ಕೈ. ಅರಸಿನದ ನೀರಿನಲ್ಲಿ ಒದ್ದೆಯಾಗಿದ್ದ, ನಡುಗುತ್ತಿದ್ದ, ಹಕ್ಕಿಯಷ್ಟು ಹಗುರವಾದ ಕೈ. ಈಗ ಸುಮ್ಮನಿದ್ದರೆ ಸಾಕು. ಶಾಯಿ ಹಚ್ಚುತ್ತಾರೆ, ಕಾಗದ ಕೊಡುತ್ತಾರೆ, ಮೂಕಾಂಬಿಕಾ ಎಂಬವಳು ಇಂಥ ದಿನ ಬಂದಿದ್ದಳು, ಬದುಕಿದ್ದಳು ಎಂದು ಸರಕಾರದ ಪಟ್ಟಿಯಲ್ಲಿ ಗುರುತು ಬೀಳುತ್ತದೆ. ಇನ್ನು ಐದು ವರ್ಷ ಯಾರೂ ಅದನ್ನು ಅಳಿಸಲಾರರು. ಆಗ ದಮಯಂತಿ ಇವರ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಅನುಮಾನವಿತ್ತು. ಬಾಯಿ ಅಲುಗಿಸದೆ ಹುಬ್ಬಿನಲ್ಲಿಯೇ ಕೇಳಿದಳು: ಎತ್ತು ಅಲ್ಲವಾ?

ಭಟ್ಟರ ತಲೆ ತಾನಾಗಿಯೇ ಅಲುಗಿತು: ಎತ್ತು, ಎತ್ತು. ಅಲುಗಿದ ಕೂಡಲೇ ಹತ್ತು ವರ್ಷದ ಹಿಂದಿನ ತನ್ನದೇ ಸ್ವರ ಕಿವಿಗೆ ಬಂದು ಬಡಿಯಿತು. ಎತ್ತು ನೋಡು, ಹೆದರಬೇಡ. ಅವತ್ತು ಅವಳು ಬದುಕಿದ್ದಳು, ಪರದೆಯ ಹಿಂದೆ ಹೋಗಿ ತಪ್ಪಿಸಿಕೊಂಡಳು. ಇವತ್ತು ಎಲ್ಲಿಗೆ ಹೋದಾಳು? ಹತ್ತು ವರ್ಷ, ನಗುತ್ತಾ, ಜ್ವರದಲ್ಲಿಯೂ ನಗುತ್ತಾ, ಯಾರಿಗೂ ಕೊಡದೆ ಇಟ್ಟುಕೊಂಡ ಒಂದೇ ಒಂದು ವಸ್ತು. ಅದನ್ನು ಅವಳ ಕೈಯಿಂದ ಬಿಡಿಸಿ ತೆಗೆದು, ಗಾಂಧಿ ಟೊಪ್ಪಿಯವನ ಎಣಿಕೆಗೆ ತಾನೇ ಹಾಕಿಕೊಡುತ್ತಿದ್ದೇನೆ.

"ಶಾಯಿ ಹಚ್ಚಬೇಡಿ!"

ಸ್ವರ ಇಷ್ಟು ದೊಡ್ಡದಾಗಿ ಬರುತ್ತದೆಂದು ಅವರಿಗೇ ಗೊತ್ತಿರಲಿಲ್ಲ. ಆಫೀಸರನ ಕೈ ಅಲ್ಲಿಯೇ ನಿಂತಿತು. "ಎಂತಾಯಿತು ಅಜ್ಜ?"

"ಅವಳು ಅವಳಲ್ಲ. ಅವಳ ತಂಗಿ." ಭಟ್ಟರು ಸಾಲು ಬಿಟ್ಟು ಮೇಜಿನ ಹತ್ತಿರ ಬಂದು ಅದರ ಅಂಚು ಹಿಡಿದುಕೊಂಡರು. "ನನ್ನ ಹೆಂಡತಿ..."

ಏಜೆಂಟರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಹೊರಗೆ ಮಾವಿನ ಮರದಲ್ಲಿ ಒಂದು ಕಾಗೆ ಮಾತ್ರ ಬಿಡದೆ ಕೂಗುತ್ತಿತ್ತು.

"ನನ್ನ ಹೆಂಡತಿ ತೀರಿಹೋದಳು. ಹೋದ ಆಟಿಯಲ್ಲಿ. ಜ್ವರ ಬಂದು."

ಜ್ವರದ ಮಾತನ್ನು ಯಾಕೆ ಸೇರಿಸಿದರೋ. ಆಫೀಸರ ಅದನ್ನು ಕೇಳಿರಲಿಲ್ಲ. ಆದರೆ ಅದು ಹೊರಗೆ ಬಂದ ಮೇಲೆ ಭಟ್ಟರ ಕಣ್ಣು ತುಂಬಿತು. ಇಷ್ಟು ಜನರ ಎದುರಿಗೆ, ಒಕ್ಕಲುಗಳ ಎದುರಿಗೆ, ಹೆಂಗಸರ ಎದುರಿಗೆ ಶಲ್ಯದ ತುದಿಯಿಂದ ಮುಖ ಒರೆಸಿಕೊಂಡರು. ಹಿಂದಿನಿಂದ ಯಾರೋ ಹೆಗಲ ಮೇಲೆ ಕೈ ಇಟ್ಟರು. ಅಲಿ ಕುಂಞಿ. "ಭಟ್ರೆ," ಎಂದ, ಅಷ್ಟೇ. ಬೆಳಗಿನ ಸುಳ್ಳಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ದಮಯಂತಿಯ ಮುಖ ಸೀರೆಗಿಂತ ಕೆಂಪಾಗಿತ್ತು. ಬೆಂಚಿನ ಮೇಲಿದ್ದ ನಕ್ಷತ್ರದ ಏಜೆಂಟ, "ಕಳ್ಳ ವೋಟಲ್ಲವಾ ಇದು? ಬರೆದುಕೊಳ್ಳಿ ಸಾರ್," ಎಂದು ಎದ್ದ. ಗಾಂಧಿ ಟೊಪ್ಪಿಯವನು ಅವನ ಅಂಗಿ ಹಿಡಿದು ಕೂರಿಸಿದ. ಗುಡಿಸಲಿನವನು, "ಕೂತ್ಕೊ ಮಾರಾಯ, ನಿನಗೆ ಅಕ್ಕತಂಗಿ ಇಲ್ಲವಾ?" ಎಂದ. ಆಫೀಸರ ಕನ್ನಡಕ ತೆಗೆದು ಒರೆಸಿದ. ಅವಳ ಕೈಗೆ ಶಾಯಿ ತಾಗಿಲ್ಲವೆಂದು ನೋಡಿಕೊಂಡ. "ಅಮ್ಮಾ, ನೀವು ಮನೆಗೆ ಹೋಗಿ. ಇದು ಹೀಗೆ ಮಾಡುವ ಕೆಲಸ ಅಲ್ಲ."

"ನಾನು ಕದೀಲಿಕ್ಕೆ ಬಂದದ್ದಲ್ಲ," ಎಂದಳು ದಮಯಂತಿ. "ಅವಳದ್ದನ್ನು ಅವಳಿಗೆ ಮುಟ್ಟಿಸ್ಲಿಕ್ಕೆ ಬಂದದ್ದು."

"ಗೊತ್ತುಂಟಮ್ಮ," ಎಂದ ಆಫೀಸರ ಮೆಲ್ಲಗೆ. ಪಟ್ಟಿಯಲ್ಲಿ ಮೂಕಾಂಬಿಕೆಯ ಹೆಸರಿನ ಎದುರು ಪೆನ್ಸಿಲಿನಿಂದ ಏನೋ ಸಣ್ಣಕ್ಕೆ ಬರೆದ. ಭಟ್ಟರು ಅದನ್ನು ನೋಡುತ್ತಾ ನಿಂತರು. ಸುಡುವ ಹೊತ್ತಿಗೂ ಅವರು ಹೀಗೆ ನೋಡಿರಲಿಲ್ಲ. ಅವತ್ತು ಹೊಗೆಗೆ ಕಣ್ಣು ಮುಚ್ಚಿದ್ದರು.

"ನಿಮ್ಮದು, ಅಜ್ಜ?"

ಮರೆಯ ಒಳಗೆ ಹಲಗೆಯ ಮೇಲೆ ಮುದ್ರೆಯೂ ಶಾಯಿಯ ತುಂಡುಬಟ್ಟೆಯೂ ಇದ್ದವು. ಭಟ್ಟರು ಕಾಗದ ಬಿಚ್ಚಿದರು. ಎತ್ತು, ಗುಡಿಸಲು, ನಕ್ಷತ್ರ ಎಲ್ಲವೂ ಒಂದೇ ಹಾಳೆಯಲ್ಲಿ, ಒಂದರ ಕೆಳಗೆ ಒಂದು, ಪಂಕ್ತಿಯಲ್ಲಿ ಕುಳಿತ ಹಾಗೆ ಕುಳಿತಿದ್ದವು. ಎರಡು ಚುನಾವಣೆಗಳಲ್ಲಿ ಅವರು ಪರದೆಯ ಹಿಂದೆ ಹೋಗಿ ಬರಲು ತೆಗೆದುಕೊಂಡ ಹೊತ್ತು ಕಣ್ಣು ಮಿಟುಕಿಸುವಷ್ಟು. ಹೊರಗೇ ನಿಶ್ಚಯವಾದದ್ದನ್ನು ಒಳಗೆ ಹಾಕಿ ಬರುವುದಷ್ಟೇ ಕೆಲಸ. ಇವತ್ತು ಮುದ್ರೆ ಕೈಯಲ್ಲಿ ಹಿಡಿದು ನಿಂತರು. ಖಾದಿ ಕೊಳ್ಳಲು ಹೋಗಿ ಪೊಲೀಸರಿಂದ ಬೈಸಿಕೊಂಡ ದಿನ ನೆನಪಾಯಿತು. ತನ್ನ ಗದ್ದೆ ನೆನಪಾಯಿತು. ಅದರ ಬದುವಿನಲ್ಲಿ ಕುಳಿತು ಗಂಜಿ ಉಣ್ಣುವ ಗುರುವಪ್ಪನ ಬೆನ್ನು, ಹಿಂಬಾಗಿಲಿನಲ್ಲಿ ಸೆರಗಿಗೆ ಅಕ್ಕಿ ಬೀಳುವ ಸದ್ದು. ಇಲ್ಲಿ ತನ್ನನ್ನು ಯಾರೂ ನೋಡುತ್ತಿಲ್ಲವೆಂದು ಅವರಿಗೆ ನಿಜವಾಗಿ ತಿಳಿದದ್ದು ಆಗಲೇ. ಊರಿಲ್ಲ, ಟೊಪ್ಪಿಯವನಿಲ್ಲ, ದಮಯಂತಿಯಿಲ್ಲ. ಅವಳೂ ಇಲ್ಲ. ಇದ್ದಿದ್ದರೂ ನೋಡುತ್ತಿರಲಿಲ್ಲ, ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದಳು. ಬೀಗದ ಕೈ, ಅಕ್ಕಿ ತುಂಬಿಡುವ ಕಲಂಬಿ, ದೇವರ ಪೆಟ್ಟಿಗೆ, ಎಲ್ಲವೂ ಇಬ್ಬರಿಗೆ ಸೇರಿದ ಆ ಮನೆಯಲ್ಲಿ ಅವಳಿಗೆಂದು ಇದ್ದದ್ದು ಇಷ್ಟು: ಇಂಥದೊಂದು ಮರೆ, ಇಂಥದೊಂದು ಗಳಿಗೆ. ಹಾಗಾದರೆ ಆ ಕೊನೆಯ ನಗು ಬೇಸರದ್ದಲ್ಲ. ತನ್ನದೊಂದು ಸೊತ್ತು ತನ್ನ ಹತ್ತಿರವೇ ಉಂಟು ಎಂಬವಳ ನಗು. ವೋಟಿನ ಮಾತು ಕೇಳಿಯೇ ತಾನು ಆ ಸೊತ್ತನ್ನು ಅವಳಿಗೆ ನೆನಪು ಮಾಡಿಕೊಟ್ಟೆನೋ ಏನೋ.

ಭಟ್ಟರು ಮುದ್ರೆ ಒತ್ತಿದರು. ಎರಡು ಕಾಗದದಲ್ಲಿಯೂ ಒತ್ತಿದರು. ಒದ್ದೆ ಶಾಯಿ ಬೇರೆ ಚಿತ್ರಕ್ಕೆ ತಾಗದ ಹಾಗೆ ಊದಿ, ಮಡಚಿ, ಪೆಟ್ಟಿಗೆಯೊಳಗೆ ಇಳಿಸಿ ಹೊರಗೆ ಬಂದರು.

ದಮಯಂತಿ ಗೇಟಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಭಟ್ಟರು ಹತ್ತಿರ ಬಂದ ಕೂಡಲೇ ಮುಂದೆ ನಡೆದಳು. ಅಲಿ ಕುಂಞಿ ವೋಟು ಹಾಕಿ ಪೆಟ್ಟಿಗೆ ಹೊತ್ತು ಓಡಿಬಂದ. ಕಾಗದದ ಒಂದು ಪೊಟ್ಟಣವನ್ನು ಅವಳ ಕಡೆ ಚಾಚಿದ.

"ಅಮ್ಮ ಹೇಳಿದ್ದ ಬಳೆ. ನಿಮ್ಮ ಕೈಗೂ ಅದೇ ಅಳತೆ ಆಗ್ತದೆ, ನಾನು ಕಂಡೆ. ಬೇಡ ಹೇಳಬಾರದು."

ದಮಯಂತಿ ಭಾವನ ಮುಖ ನೋಡಿದಳು. ಭಟ್ಟರು ತಲೆ ಅಲ್ಲಾಡಿಸಿದರು: ಇದು ಆಗಬಹುದು. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಅವಳು ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿಕೊಂಡಳು. ಹಣದ ಮಾತೆತ್ತುವಷ್ಟರಲ್ಲಿ ಅಲಿ ಕುಂಞಿ ಆಗಲೇ ರಸ್ತೆಯ ತಿರುವಿನಲ್ಲಿದ್ದ.

ಪಾಲ ದಾಟಿದ ಮೇಲೆ ದಮಯಂತಿ, "ನೀವೇ ಎತ್ತು ಹೇಳುದು, ನೀವೇ ಬೊಬ್ಬೆ ಹಾಕುದು! ಉಪ್ಪಿನಂಗಡಿಯಲ್ಲಿ ನಮ್ಮವರಿಗೆ ಗೊತ್ತಾದ್ರೆ ನನ್ನನ್ನು ಮನೆಯೊಳಗೆ ಸೇರಿಸ್ಲಿಕ್ಕಿಲ್ಲ," ಎಂದಳು.

"ಅವಳು ಯಾವುದಕ್ಕೆ ಹಾಕ್ತಿದ್ದಳು ಅಂತ ನನಗೆ ಗೊತ್ತಿರಲಿಲ್ಲ, ದಮಯಂತಿ."

ಅವಳು ನಿಂತಳು. "ನಿಮಗೂ ಹೇಳಿಲ್ಲವಾ?"

"ಇಲ್ಲ."

ಅವಳು ಹೊಸ ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿದಳು. "ಹಾಗಾದ್ರೆ ಒಳ್ಳೆಯದೇ ಆಯಿತು," ಎಂದಳು. ಹಿಂದಿನಿಂದ ಗುರುವಪ್ಪ ಬೀಡಿ ಹಚ್ಚಿಕೊಂಡು ಬಂದು ಸೇರಿದ. ನಡೆದದ್ದನ್ನು ಅವನು ವೋಟು ಹಾಕಿ ಜಗಲಿಯಲ್ಲಿ ನಿಂತು ಕಂಡಿದ್ದ. ಮಾತು ಬೇರೆ ಕಡೆಗೆ ತಿರುಗಿಸುವ ಒಳ್ಳೆಯ ಬುದ್ಧಿಯಿಂದ ಕೇಳಿದ:

"ನಿಮ್ಮದು ಹೇಗೂ ಎತ್ತೇ ಅಲ್ಲವಾ ಭಟ್ರೆ?"

ಭಟ್ಟರು ಛತ್ರಿ ಬಿಚ್ಚಿದರು. ಬಿಸಿಲು ನೆತ್ತಿಗೆ ಬಂದಿತ್ತು.

"ಹೇಳ್ಲಿಕ್ಕುಂಟಾ ಮಾರಾಯ? ಗುಟ್ಟು ಅಂತ ಆಫೀಸರು ಹೇಳಿದ್ದು ನಿನಗೆ ಕೇಳಲಿಲ್ಲವಾ?"

ಗುರುವಪ್ಪ ಬಾಯಿ ಬಿಟ್ಟು ನಿಂತ. ದಮಯಂತಿ ಥಟ್ಟನೆ ತಿರುಗಿ ಭಾವನನ್ನು ನೋಡಿದಳು. ನೋಡುತ್ತಾ ನೋಡುತ್ತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹೇಳುವ ಹಾಗಿರಲಿಲ್ಲ. ಮತ್ತೆ ಮುಂದೆ ತಿರುಗಿ ಗುಡ್ಡದ ದಾರಿ ಹತ್ತಿದಳು. ಗೇರುಮರಗಳ ನಡುವೆ ಕೆಂಪು ಸೀರೆ ಒಮ್ಮೆ ಕಾಣಿಸಿತು, ಒಮ್ಮೆ ಮರೆಯಾಯಿತು. ಬಳೆಯ ಸದ್ದು ಮಾತ್ರ ಬಿಡದೆ ಕೇಳಿಸುತ್ತಿತ್ತು. ಭಟ್ಟರು ಅವಸರ ಮಾಡದೆ ಹಿಂದಿನಿಂದ ನಡೆದರು.